ಗೋಡೆ ಮೇಷ್ಟ್ರು

ಗೋಡೆಯ ತೂತಿಗೆ ಮೊಣಕೈವರೆಗೂ ಕೈ ತೂರಿಸಿ ಪಾಠ ಶುರು ಮಾಡುವ ಇನ್ನೊಬ್ಬ ಮೇಷ್ಟ್ರನ್ನು ನಾನು ಕಂಡಿಲ್ಲ. ನಮಗೆ ಇತಿಹಾಸ ಹೇಳುತ್ತಿದ್ದ ಮುನಿರಾಜಪ್ಪ ಮೇಷ್ಟ್ರು ನಮ್ಮೂರು ತಳಿಯಿಂದ ಬಸ್ಸಿನಲ್ಲಿ ನಮ್ಮನ್ನು ರಾಯಕೋಟೆ ಬೆಟ್ಟಕ್ಕೆ ಕರೆದೊಯ್ದು, ಇಂಗ್ಲಿಷರ ದಾಳಿಗೆ ಕೋಟೆ ಎಷ್ಟು ಹಾಳಾಯಿತು ಎಂದು ನಮ್ಮ ಬಾಯಿಂದಲೇ ಹೇಳಿಸುತ್ತಿದ್ದರು. ಕಂಡ ತೂತೆಲ್ಲ ನಮಗೆ ಫಿರಂಗಿಯದೇ. ಅವರು ಒಳಗಿಂದ ಆಲದ ಬೇರೊಂದನ್ನು ಕಿತ್ತು ನಮ್ಮ ಮುಖಕ್ಕೆ ಹಿಡಿಯುವರು. "ಇದ್ಯಾವ ಫಿರಂಗಿ ಗುಂಡ್ಲಾ?"

ಆಮೇಲೆ ಇಂಗ್ಲಿಷ್ ದಂಡಿನವನೊಬ್ಬ ಆ ಕಾಲದಲ್ಲಿ ಬರೆದ ವರದಿಯನ್ನು ಓದಿಸುವರು. ಅದರಲ್ಲಿ ಗೋಡೆ ಪುಡಿಪುಡಿ. "ಬರ್ದೋನು ಗೆದ್ದೋನು ಕಣ್ಲಾ. ಎಲ್ಲಿ ನಿಂತಿದ್ದ, ಯಾರನ್ನ ಮೆಚ್ಚಿಸ್ಬೇಕಿತ್ತು, ಅದನ್ನ ಕೇಳು. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು." ನಾವು ಅವರಿಗೆ ಗೋಡೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೆವು. ಗೊತ್ತಿದ್ದೂ ಬೈಯಲಿಲ್ಲ, ಪುಣ್ಯಾತ್ಮ.

ಅವರು ನಿವೃತ್ತರಾದ ಮೇಲೆ ಅದೇ ಶಾಲೆಗೆ ನಾನು ಮೇಷ್ಟ್ರಾಗಿ ಬಂದೆ. ಅವರ ಒಬ್ಬನೇ ಮಗ ಹರೀಶ ಮಿಲಿಟರಿಯಲ್ಲಿದ್ದ. ಗಡಿಯಲ್ಲಿ ಶೆಲ್ ಬೀಳುತ್ತಿದ್ದ ದಿನಗಳಲ್ಲಿ ಊರಿನವರ ಮೊಬೈಲಿಗೆಲ್ಲ ಒಂದು ಫೋಟೋ ಬಂತು. ಅವತ್ತು ಬೆಳಗ್ಗೆ ನೆಲಸಮವಾದ ಮಿಲಿಟರಿ ಠಾಣೆ ಅದು, ಹರೀಶ ಇದ್ದದ್ದೇ ಅಲ್ಲಿ ಎಂದು ಸುದ್ದಿ. ನಾನು ಅವರ ಮನೆಗೆ ಓಡಿದೆ. ಮೇಷ್ಟ್ರು ಕನ್ನಡಕ ಹಣೆಗೇರಿಸಿ, ಫೋಟೋ ದೊಡ್ಡದು ಮಾಡಿ ನೋಡಿದರು. "ಬಿರುಕಲ್ಲಿ ಹುಲ್ಲು ಬೆಳ್ದೈತೆ. ಇವತ್ತು ಬಿದ್ದಿದ್ದಲ್ಲ ಇದು, ಹಳೇದು."

"ಹಂಗಾರೆ ನನ್ ಮಗ ಚೆನ್ನಾಗವ್ನೆ," ಎಂದು ಅವರ ಹೆಂಡತಿ ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು. ಮೇಷ್ಟ್ರು ನನ್ನನ್ನು ಬಾಗಿಲಾಚೆ ಕರೆದರು.

"ಫೋಟೋ ಸುಳ್ಳು ಅಂದೆ, ಅಷ್ಟೇ ಕಣ್ಲಾ. ಮಗ ಬದುಕವ್ನೆ ಅನ್ನಾಕೆ ನನ್ ತಾವ ಏನೂ ಆಧಾರ ಇಲ್ಲ."

ಆ ಮನುಷ್ಯನ ಮೇಲೆ ನನಗೆ ಸಿಟ್ಟೇ ಬಂತು.

ಮೂರನೇ ದಿನ ಪೆಟ್ಟಿಗೆ ಬಂತು. ತೆಗೆಯುವುದು ಬೇಡ ಎಂದರು ಜೊತೆಗೆ ಬಂದ ಅಧಿಕಾರಿಗಳು. ಲಕ್ಷ್ಮಮ್ಮ ಅದರ ಹತ್ತಿರವೂ ಸುಳಿಯಲಿಲ್ಲ. "ಇನ್ಯಾರ್ನೋ ತಂದವ್ರೆ. ನೀವ್ ನೋಡಿ ಹೇಳಿ, ಆಗ ನಂಬ್ತೀನಿ," ಎಂದು ಗಂಡನಿಗೆ ಹೇಳಿದರು. ಮೇಷ್ಟ್ರು ಹಟ ಹಿಡಿದು, ಎಲ್ಲರನ್ನೂ ಕೋಣೆಯಿಂದ ಕಳಿಸಿ, ಒಬ್ಬರೇ ನೋಡಿ ಹೊರಗೆ ಬಂದರು. "ನಮ್ ಹರೀಶನೇ. ಮಲ್ಗಿದಂಗವ್ನೆ." ಆಗ ಆಕೆ ಅತ್ತರು.

ಮೇಷ್ಟ್ರನ್ನು ನಾನು ಕೊನೆಗೆ ಕಂಡದ್ದು ಕೃಷ್ಣಗಿರಿಯ ಆಸ್ಪತ್ರೆಯಲ್ಲಿ. ಲಕ್ಷ್ಮಮ್ಮ ಕಾಫಿ ತರಲು ಹೊರಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು. "ಅವತ್ತು ಪೆಟ್ಟಿಗೇಲಿ ಮುಖಾನೇ ಇರ್ಲಿಲ್ಲ ಕಣ್ಲಾ."

ಅವರು ಹೋಗಿಬಿಟ್ಟರು. ಲಕ್ಷ್ಮಮ್ಮ ಈಗಲೂ ಮನೆಗೆ ಬಂದವರಿಗೆಲ್ಲ ಮಗ ಮಲಗಿದಂತಿದ್ದ ಎಂದೇ ಹೇಳುತ್ತಾರೆ, ಮೇಷ್ಟ್ರೇ ಕಣ್ಣಾರೆ ಕಂಡದ್ದು ಎನ್ನುತ್ತಾರೆ. ನಾನು ಪಕ್ಕದಲ್ಲಿದ್ದರೆ ಹೌದೆನ್ನುತ್ತೇನೆ.