ಕಾಕಾನ ರಂದಾ ಬಿಟ್ಟ ಗೆರೆ

ಸತ್ತವರ ಕಥೆ ಶುರುವಾದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ನಂಬಿದ್ದೇನೆ ಅಂತಲ್ಲ. ಆದರೆ ಭಂಕೂರದಲ್ಲಿ ನಡೆದದ್ದು ನೆನಪಾದರೆ ಹೆದರಿಕೆಗಿಂತ ಮೊದಲು ಸಿಟ್ಟು ಬರುತ್ತದೆ. ಅದಕ್ಕೇ ಇದ್ದದ್ದು ಇದ್ದಂಗೆ ಹೇಳಿಬಿಡುತ್ತೇನೆ.

ನಮ್ಮ ಕಾಕಾ ಬಡಿಗ. ಕಟ್ಟಿಗೆ ಹೆರೆದು ನುಣುಪು ಮಾಡುವ ಅವನ ರಂದಾ ಭಾಳ ಹಳೆಯದು, ಗುರುವಿನ ಕೈಯಿಂದ ಬಂದದ್ದು. ಅದರ ಅಲಗಿನಲ್ಲಿ ಜೋಳದ ನುಚ್ಚಿನಷ್ಟು ಒಂದು ಮುಕ್ಕು. ಹೀಗಾಗಿ ಕಾಕಾ ಹೆರೆದ ಬಾಗಿಲಿನ ಅಂಚಿಗೆಲ್ಲ ದಾರದಂಥ ಉಬ್ಬುಗೆರೆ ಉಳಿಯುತ್ತಿತ್ತು. ತಿಕ್ಕಿ ತೆಗೆ ಎಂದರೆ, ಅದು ನನ್ನ ಸಹಿ ಅನ್ನುತ್ತಿದ್ದ.

ಅವನು ತೀರಿಕೊಂಡ ಮೇಲೆ ಮಗ ಶರಣಪ್ಪ ಆ ರಂದಾವನ್ನು ಸಾಮಾನು ಸಾಗಿಸುವ ಟಂಟಂ ಆಟೋದ ಗಾಲಿಗೆ ಅಡ್ಡ ಇಡತೊಡಗಿದ. ಹೆತ್ತ ತಾಯಿಯ, ಅಂದರೆ ನಮ್ಮ ಕಾಕುವಿನ, ಕೋಣೆಯಲ್ಲಿ ತನ್ನ ಅಂಗಡಿಯ ಸಿಮೆಂಟ್ ಚೀಲ ಒಟ್ಟಿದ. ಮಳೆಗೆ ಉಬ್ಬಿದ ಆ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಹಮಾಲರು ಕೇಳದೆ ಒಳಗೆ ಬರುತ್ತಿದ್ದರು. ಕಾಕು ಸೀರೆ ಉಡಬೇಕಾದರೆ ಚೀಲಗಳ ಹಿಂದೆ ನಿಲ್ಲಬೇಕು. ಬಾಗಿಲು ಹೆರೆಸು ಎಂದು ಮೂರು ಮಳೆಗಾಲ ಬೇಡಿಕೊಂಡಳು. ಇವನು ಹಮಾಲರ ಎದುರಿಗೇ ನಕ್ಕು, "ಮುದುಕಿಗ್ಯಾಕ ಬೇ ಚಿಲಕ? ನಿನ್ನ ಯಾರ್ ಒಯ್ತಾರ?" ಅಂದನಂತೆ.

ಕಾಕು ಅದನ್ನು ಹೇಳಿದಾಗ ನನ್ನ ಮೈ ಉರಿಯಿತು. ಗಾಲಿಯ ಕೆಳಗಿಂದ ರಂದಾ ಎಳಕೊಂಡೆ. ಹುಣಸೆ ರಸದಲ್ಲಿ ಅಲಗು ನೆನೆಸಿ ತುಕ್ಕು ತೆಗೆದೆ, ಅಂಗಳದ ಫರಸಿ ಕಲ್ಲಿನ ಮೇಲೆ ನೀರು ಚಿಮುಕಿಸಿ ಅಲಗಿನ ಬೆನ್ನು ಉಜ್ಜಿದೆ. ಸಾಣೆಕಲ್ಲಿಗೆ ಹಿಡಿದಾಗ ಕೈ ನಿಲ್ಲಲಿಲ್ಲ. ಸಿಟ್ಟಿನ ಭರದಲ್ಲಿ ಮುಕ್ಕೂ ಸವೆದು ಅಲಗು ನೆಟ್ಟಗಾಯಿತು. ಎಣ್ಣೆ ಸವರಿ, ಅಲಗನ್ನು ರಂದಾದಲ್ಲಿ ಕೂರಿಸಿ ಬೆಣೆ ಬಡಿದೆ.

ಬಾಗಿಲಿಗೆ ಹಚ್ಚಬೇಕು ಅನ್ನುವಷ್ಟರಲ್ಲಿ ಶರಣಪ್ಪ ಬಂದ.

"ನಮ್ಮಪ್ಪನ ಹತಾರಕ್ಕ ಕೈ ಹಚ್ಚಾಕ ನೀ ಯಾಂವಲೇ?"

"ಗಾಲಿಗೆ ಇಡುಮುಂದ ಅಪ್ಪನ ನೆನಪಾಗಿದ್ದಿಲ್ಲೇನು?"

ಕಸಕೊಂಡು ಹೋಗಿ ಎದುರಿಗಿದ್ದ ತನ್ನ ಅಂಗಡಿಯ ಅಲಮಾರಿಯಲ್ಲಿಟ್ಟು ಕೀಲಿ ಜಡಿದ. ಹೊಡೆದಾಡಲು ಹೊರಟಿದ್ದೆ, ಕಾಕು ಅಂಗಿ ಹಿಡಿದು ಅಂಗಳದಲ್ಲಿ ಕೂರಿಸಿದಳು. ಇನ್ನೂ ಹಾಡುಹಗಲು.

ಆಗ ಒಳಗಿಂದ ಕಟ್ಟಿಗೆ ಹೆರೆಯುವ ಸಪ್ಪಳ ಕೇಳಿತು. ಸರ್, ಸರ್, ಸರ್. ಕಾಕುಗೂ ಕೇಳಿತು, ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು. ಮನೆಯೊಳಗೆ ಯಾರೂ ಇರಲಿಲ್ಲ, ಒಳಹೋಗಲು ನಾವು ಕೂತ ದಾರಿ ಬಿಟ್ಟರೆ ಬೇರೆ ದಾರಿಯೂ ಇಲ್ಲ. ಸಪ್ಪಳ ನಿಂತ ಮೇಲೆ ಎದ್ದು ಹೋದೆವು. ಕಾಕುವಿನ ಕೋಣೆಯ ಹೊಸ್ತಿಲ ತುಂಬ ಕಟ್ಟಿಗೆಯ ಸುರುಳಿ. ಕಾಕು ಒಂದು ಬೆರಳಿಂದ ನೂಕಿದಳು, ಬಾಗಿಲು ಮುಚ್ಚಿತು. ಅಂಚಿನ ಮೇಲೆ ಬೆರಳಾಡಿಸಿದೆ. ದಾರದಂಥ ಗೆರೆ ಕೈಗೆ ತಗುಲಿತು.

ಕೂಗಿದೆ. ಶರಣಪ್ಪ ಬಂದು ಅಂಚು ಮುಟ್ಟಿ ನೋಡಿದ, ತಾನೇ ಹೋಗಿ ಅಲಮಾರಿ ತೆಗೆದ. ರಂದಾ ಇಟ್ಟಲ್ಲೇ ಇತ್ತು. ನಾನು ಸವರಿದ ಎಣ್ಣೆ ಕದಡಿರಲಿಲ್ಲ. ಅಲಗು ನೆಟ್ಟಗೆ, ಮುಕ್ಕಿಲ್ಲ.

ನಾನು ಬೇರೆ ರಂದಾ ತಂದು ಆಟ ಹೂಡಿದೆ ಎಂದು ಅವನು ಊರೆಲ್ಲ ಹೇಳಿಕೊಂಡು ಬಂದ. ಹೇಳಲಿ. ಆ ಗೆರೆ ಬಿಡುವ ಮುಕ್ಕು ಇದ್ದದ್ದು ಕಾಕಾನ ಅಲಗಿಗೊಂದೇ, ಅದನ್ನು ನನ್ನ ಕೈಯಾರೆ ಸವೆಸಿದ್ದೆ.

ಅವತ್ತು ಸಂಜೆ ಕಾಕು ಒಳಗಿಂದ ಚಿಲಕ ಹಾಕಿಕೊಂಡಳು. ಶರಣಪ್ಪ ಚೀಲ ಬೇಕೆಂದು ಹೊರಗೆ ನಿಂತು ಬಾಗಿಲು ಬಡಿದ. ಆಕೆ ಸಾವಕಾಶ ಸೀರೆ ಉಟ್ಟು ತೆಗೆದಳು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಕಾಕಾನ ಕಡೆಗೇ ತಿರುಗಿತು, ಇನ್ನೂ ಇಳಿದಿಲ್ಲ. ಇಷ್ಟು ಮಾಡಲು ಬರುತ್ತಿದ್ದರೆ, ಮಾರಾಯ, ಮೂರು ಮಳೆಗಾಲ ಎಲ್ಲಿದ್ದೆ?