ಬಾಳೆಕಾಯಿ ಹೆಚ್ಚಿದ ಉಗುರು

ಅವಳ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಾಗಿರುತ್ತಿತ್ತು. ಉಗುರಿನ ಬುಡದಲ್ಲಿ, ಅಂಚಿನಲ್ಲಿ, ಎಷ್ಟು ತೊಳೆದರೂ ಹೋಗದ ಮಸಿ. ಸೀರೆಯ ಮಡಿಕೆ ಬಿಚ್ಚುವಾಗ ಗಿರಾಕಿಗಳು ಯಾರಾದರೂ ಕೇಳಿದರೆ, "ಬೆಳಿಗ್ಗೆ ಬಾಳೆಕಾಯಿ ಎಚ್ಚಿದ್ದೆ ಕಣವ್ವ, ಆ ಕರೆ ಓಗದೇ ಇಲ್ಲ" ಎನ್ನುತ್ತಿದ್ದಳು. ವಾರಕ್ಕೆ ಆರು ದಿನ ಬಾಳೆಕಾಯಿ ತಿನ್ನುವ ಮನೆ ಯಾವುದು ಎಂದು ಯಾರೂ ಕೇಳಲಿಲ್ಲ. ಅವಳು ಹೇಳಿದ ಮೇಲೆ ಮುಗಿಯಿತು.

ಅವಳು ಅಲ್ಲ, "ಅವರು" ಎನ್ನಬೇಕಿತ್ತು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವಳು, ಎದುರಿಗೆ "ಅಕ್ಕ, ಬನ್ನಿ, ಹೋಗಿ" ಎಂದೇ ಮಾತಾಡಿದ್ದೇನೆ. ಬರೆಯುವಾಗ ಮಾತ್ರ ಬಹುವಚನ ಬರುವುದಿಲ್ಲ, ನಾನು ಬಲವಂತ ಮಾಡುವುದೂ ಇಲ್ಲ. ಕೊಳ್ಳೇಗಾಲದ ಆ ರೇಷ್ಮೆ ಸೀರೆ ಅಂಗಡಿಯಲ್ಲಿ ಅವಳು ಎಲ್ಲರಿಗೂ ದೊಡ್ಡಕ್ಕ, ಮದುವೆ ಸೀರೆಯ ಕೌಂಟರಿಗೆ ಒಡತಿ. ಅವಳ ಪಕ್ಕದಲ್ಲಿ ನಿಂತು ಸೀರೆ ತೋರಿಸುವ ಕೆಲಸ ನನ್ನದು. ನಾನು ಕಾಮಗೆರೆಯಿಂದ ಬರುತ್ತಿದ್ದೆ. ಎರಡು ನಿಮಿಷ ತಡವಾದರೆ ಸಾಕು, "ಬಂತು ನೋಡ್ರವ್ವ ಕಾಮಗೆರೆ ಬಸ್ಸು" ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಆರು ತಿಂಗಳಲ್ಲಿ ನನ್ನ ಹೆಸರೇ ಅಳಿಸಿಹೋಯಿತು. ಗಿರಾಕಿಗಳೂ "ಬಸ್ಸಮ್ಮ ಇಲ್ವಾ?" ಎಂದು ಕೇಳತೊಡಗಿದರು. ಆಗಿನಿಂದ ಅವಳನ್ನು ಕಂಡರೆ ನನಗೆ ಮೈಯೆಲ್ಲ ಉರಿ.

ಅಂಗಡಿಯ ಯಜಮಾನರದು ಎರಡು ಕಟ್ಟಪ್ಪಣೆ. ಮದುವೆ ಕೌಂಟರಿನಲ್ಲಿ ನಿಲ್ಲುವವರ ತಲೆ ನೆರೆತದ್ದು ಕಾಣಬಾರದು, ಶುಭಕಾರ್ಯಕ್ಕೆ ಬಂದವರಿಗೆ ಅದು ಲಕ್ಷಣವಲ್ಲವಂತೆ. ಹಾಗೆಂದು ಬಣ್ಣ ಬಿಡುವಂಥದ್ದನ್ನು ತಲೆಗೆ ಮೆತ್ತಿಕೊಂಡು ಸೀರೆ ಮುಟ್ಟಲೂಬಾರದು. ಇದನ್ನು ಹೇಳುವ ಯಜಮಾನರ ಮೀಸೆ ಇದ್ದಿಲಿನಷ್ಟು ಕಪ್ಪಗಿತ್ತು, ಆ ಮಾತು ಬೇರೆ. ತಪ್ಪಿದವರು ಒಳಗಿನ ಕೋಣೆಗೆ. ಅಲ್ಲಿ ಕಿಟಕಿಯಿಲ್ಲ. ಟ್ಯೂಬ್‌ಲೈಟಿನ ಕೆಳಗೆ ಕೂತು ದಿನವಿಡೀ ಸೀರೆಗೆ ಫಾಲ್ಸ್ ಹೊಲಿಯಬೇಕು, ಸೆರಗಿಗೆ ಕುಚ್ಚು ಕಟ್ಟಬೇಕು. ಒಳಗೆ ಹೋದವರು ಮತ್ತೆ ಕೌಂಟರಿಗೆ ಬಂದದ್ದನ್ನು ನಾನು ಕಂಡಿಲ್ಲ.

ನನಗೋ ಮೂವತ್ತೆಂಟಕ್ಕೇ ತಲೆ ನೆರೆತಿತ್ತು. ತಿಂಗಳಿಗೊಮ್ಮೆ ಡೈ ಹಾಕಿಕೊಂಡರೆ ಹದಿನೈದು ದಿನಕ್ಕೆ ಬೈತಲೆಯ ಎರಡೂ ಕಡೆ ಬಿಳಿ ಬುಡ ಇಣುಕುತ್ತಿತ್ತು. ಅದಕ್ಕಿಂತ ಬೇಗ ಹಾಕಿಕೊಂಡರೆ ನೆತ್ತಿಯೆಲ್ಲ ನವೆ, ಗುಳ್ಳೆ. "ದೊಡ್ಡಕ್ಕನ್ನ ನೋಡಿ. ಐವತ್ತು ದಾಟಿದೆ, ಹುಡುಕಿದ್ರೆ ಎರಡು ಬಿಳಿ ಸಿಗ್ತದೆ, ಅಷ್ಟೇ" ಎಂದು ಯಜಮಾನರು ಹೊಗಳುವಾಗ ಅವಳು ತಲೆ ತಗ್ಗಿಸಿ ನಗುತ್ತಿದ್ದಳು. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಬೈತಲೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಅವಳು ನನ್ನ ರಟ್ಟೆ ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋದಳು. ಇನ್ನೂ ಯಾರೂ ಬಂದಿರಲಿಲ್ಲ.

"ಏನಮ್ಮಿ ಇದು, ತಲೆ ಮ್ಯಾಲೆ ಸುಣ್ಣದ ಗೆರೆ ಎಳ್ಕಂಡು ಬಂದಿದ್ದೀಯ? ಕೂತ್ಕ."

ಬ್ಯಾಗಿನಿಂದ ಒಂದು ಹಳೆಯ ಟೂತ್‌ಬ್ರಷ್, ಕಾಡಿಗೆ ಡಬ್ಬಿ, ಹುಬ್ಬು ತೀಡುವ ಕಂದು ಪೆನ್ಸಿಲ್, ಹಳೆ ಪಂಚೆಯ ತುಂಡು ತೆಗೆದಳು. ಕಾಡಿಗೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಸವರಿಕೊಂಡು ಅದಕ್ಕೆ ಬ್ರಷ್ ತಾಗಿಸಿ ತೋರಿಸಿದಾಗ ಬಾಳೆಕಾಯಿಯ ಗುಟ್ಟು ನನಗೆ ತಿಳಿಯಿತು. ಯಜಮಾನರು ಮೆರೆಸುತ್ತಿದ್ದ ಆ ಕೂದಲೂ ನನ್ನದರಂತೆಯೇ ಡಬ್ಬಿಯದು. ನನ್ನ ಮೇಲಿನ ಕರುಣೆಯಿಂದ ಕಲಿಸಲಿಲ್ಲ ಅವಳು. ಅವಳ ತಲೆಯ ಹಿಂಭಾಗ ಅವಳಿಗೆ ಕಾಣುತ್ತಿರಲಿಲ್ಲ, ಯಳಂದೂರಿನ ಮನೆಯಲ್ಲಿ ಜೊತೆಗಿದ್ದ ತಂಗಿಗೂ ವಿಷಯ ಗೊತ್ತಾಗಬಾರದು. ಬಾಯಿಬಿಟ್ಟರೆ ತಾನೂ ಕೆಡುವಂಥ ಒಬ್ಬಳು ಬೇಕಿತ್ತು. ನಾನು ಸಿಕ್ಕಿದೆ.

ಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸಿದವರಿಲ್ಲ, ಹೊಟ್ಟೆಯುರಿಯಿದ್ದರೂ ಇದನ್ನು ಹೇಳಲೇಬೇಕು. "ನಿಂದು ಕೆಂಚು ಕೂದ್ಲು ಕಣಮ್ಮಿ. ಕಾಡಿಗೆ ಬಳದ್ರೆ ಕಾಗೆ ಬಂದು ಕೂತಂಗಿರ್ತದ" ಎಂದು ನನಗೆ ಕಂದು ಪೆನ್ಸಿಲನ್ನೇ ತೀಡಿದಳು. ಕಾಡಿಗೆ ಅವಳಿಗೆ. ಬೈತಲೆಯನ್ನು ನೆಟ್ಟಗೆ ತೆಗೆಯಲೇಬಾರದು. ಬಾಚಣಿಗೆಯ ತುದಿಯಿಂದ ಅತ್ತ ಒಂದು ಬೆರಳು, ಇತ್ತ ಒಂದು ಬೆರಳು ಸೊಟ್ಟಗೆ ಎಳೆದರೆ ಬಿಳಿ ಬುಡ ಒಂದೇ ಗೆರೆಯಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಬ್ರಷ್ ಕೂದಲಿಗೆ ತಾಗಬೇಕು, ನೆತ್ತಿಯ ಚರ್ಮಕ್ಕೆ ತಾಗಬಾರದು. ಆ ದಿನ ತಲೆಗೆ ಎಣ್ಣೆ ಕೂಡದು. ಕಿವಿಯ ಮುಂದೆ ತುಸು ತೆಳುವಾಗಿ ಹಚ್ಚಬೇಕು. ಕಡೆಗೆ ಪಂಚೆಯ ತುಂಡನ್ನು, ಅದಕ್ಕೆ ಮಸಿ ಹತ್ತುವುದು ನಿಲ್ಲುವವರೆಗೂ ಒತ್ತಬೇಕು. ಇಷ್ಟೆಲ್ಲ ಆದ ಮೇಲೂ ಹಣೆಯ ಹತ್ತಿರ ಎರಡು ಬಿಳಿ ಎಳೆಯನ್ನು ಬೇಕೆಂದೇ ಉಳಿಸಿಕೊಳ್ಳುತ್ತಿದ್ದಳು.

"ಎಲ್ಡು ಬುಟ್ಟಿರ್ಬೇಕು. ಪೂರಾ ಕರ್ರಗಿದ್ರೆ ಜನ ಉಡುಕ್ತಾರ. ಎಲ್ಡು ಕಂಡ್ರೆ, ಮಿಕ್ಕದ್ದೆಲ್ಲ ಸ್ವಂತದ್ದು ಅಂತ ನಂಬ್ಕತಾರ."

ಹೀಗೆ ಎರಡು ವರ್ಷ, ದಿನಾ ಬೆಳಿಗ್ಗೆ ನಾವು ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತೆವು. ಅವಳು ನನ್ನ ಕೂದಲನ್ನು ಹಗ್ಗ ಜಗ್ಗಿದಂತೆ ಜಗ್ಗುತ್ತಿದ್ದಳು, ನಾನೂ ಬ್ರಷ್ಷನ್ನು ಮೆತ್ತಗೇನೂ ಆಡಿಸುತ್ತಿರಲಿಲ್ಲ. ಐದು ನಿಮಿಷದ ಮೇಲೆ ಹೊರಗೆ ಬಂದು, "ಏ ಬಸ್ಸು, ಅತ್ಲಾಗ್ ನಿಂತ್ಕ" ಎನ್ನುತ್ತಿದ್ದಳು.

ಒಂದು ಏಪ್ರಿಲ್‌ನಲ್ಲಿ ನನ್ನ ಗಂಡ ಯಾವುದೋ ಕೆಲಸಕ್ಕೆ ಅಂಗಡಿಗೆ ಬಂದಿದ್ದ. ಅವನೆದುರಿಗೇ ಅವಳು, "ನಿಮ್ ಬಸ್ಸಿಗೆ ಬ್ರೇಕಿಲ್ಲ ಕಣಪ್ಪ, ಪೋಂ ಪೋಂ ಅಂತ ಬರೀ ಆರನ್ನು" ಎಂದಳು. ಅವನು ನಕ್ಕುಬಿಟ್ಟ. ಅವಳು ಅಂದದ್ದಕ್ಕಿಂತ ಅವನು ನಕ್ಕದ್ದು ನನ್ನನ್ನು ಸುಟ್ಟಿತು. ಮರುದಿನ ಹನೂರಿನಿಂದ ದೊಡ್ಡ ಮನೆಯೊಂದರವರು ಮದುವೆ ಸೀರೆಗೆ ಬರುವುದಿತ್ತು. ಬೆಳಿಗ್ಗೆ ಅವಳ ತಲೆಗೆ ಕಾಡಿಗೆ ತೀಡಿ ಬಟ್ಟೆ ಒತ್ತಿದೆ. ಒಳ್ಳೆಯ ಮಗ್ಗುಲಿನಿಂದ ಒತ್ತಲಿಲ್ಲ, ಆಗಲೇ ಮಸಿ ಕುಡಿದಿದ್ದ ಮಗ್ಗುಲಿನಿಂದ ಒತ್ತಿದೆ. ತಿಳಿದೇ ಒತ್ತಿದೆ.

ಹನ್ನೆರಡರ ಹೊತ್ತಿಗೆ ಕರೆಂಟ್ ಹೋಯಿತು, ಫ್ಯಾನ್ ನಿಂತಿತು, ಎಲ್ಲರ ತಲೆಯೂ ಬೆವರಿತು. ಕೆಂಪಂಚಿನ ಬಿಳಿ ಧಾರೆ ಸೀರೆ ಹರಡಿತ್ತು. ಹೆಣ್ಣಿನ ತಾಯಿ, "ತಲೆ ಮ್ಯಾಲೆ ಒದ್ಕಂಡ್ರೆ ಅಂಚು ಎಂಗೆ ಕಾಣ್ತದ?" ಎಂದರು. ದೊಡ್ಡಕ್ಕ ಸೆರಗನ್ನು ತಾನು ಹೊದ್ದು ತೋರಿಸಿದಳು. ಆಮೇಲೆ ನನ್ನ ತಲೆಗೂ ಹೊದಿಸಿ ದೂರದಿಂದ ನೋಡುವಂತೆ ಅವರಿಗೆ ಹೇಳಿದಳು. ತೆಗೆದಾಗ ಬಿಳಿಯ ಮೇಲೆ ಅಂಗೈಯಗಲ ಮಸಿ.

"ಅಯ್ಯೋ, ಧಾರೆ ಸೀರೆಗೇ ಮಸಿ ಆಯ್ತಲ್ಲಪ್ಪ!" ಎಂದು ಆಕೆ ಎದ್ದರು. ಬಂದಿದ್ದ ಹದಿನಾಲ್ಕು ಜನವೂ ಅವರ ಹಿಂದೆ ಇಳಿದು ಹೋದರು.

ಯಜಮಾನರು ಸೀರೆ ಎತ್ತಿ ಹಿಡಿದು, "ಯಾರ ತಲೇದಿದು?" ಎಂದರು.

ದೊಡ್ಡಕ್ಕ ಉಸಿರು ಎಳೆದುಕೊಳ್ಳುವಷ್ಟೂ ತಡಮಾಡಲಿಲ್ಲ. "ಇವಳ್ದೇ ಸಾ. ಮೆತ್ಕಂಡು ಬರ್ಬ್ಯಾಡ ಅಂತ ನಾ ಯೋಳ್ತಾನೇ ಇದ್ದೆ."

ನಾನು ಕೈ ಚಾಚಿ ಅವಳ ಬೈತಲೆಯ ಮೇಲೆ, ಹಣೆಯಿಂದ ನೆತ್ತಿಯವರೆಗೆ ನನ್ನ ಹೆಬ್ಬೆರಳನ್ನು ಒತ್ತಿ ಎಳೆದೆ. ಸೀರೆ ಡಬ್ಬದ ಬಿಳಿ ಮುಚ್ಚಳಕ್ಕೆ ಆ ಬೆರಳನ್ನು ಒರೆಸಿದೆ. ಕಡುಗಪ್ಪು. ಇನ್ನೊಂದು ಹೆಬ್ಬೆರಳನ್ನು ನನ್ನ ಬೈತಲೆಗೆ ಎಳೆದು ಪಕ್ಕದಲ್ಲೇ ಒರೆಸಿದೆ. ಕಂದು. ಸೀರೆಯ ಮೇಲಿದ್ದದ್ದು ಕಪ್ಪು. ಎರಡರ ವ್ಯತ್ಯಾಸ ನೋಡಲು ನನಗೆ ಕಲಿಸಿದವಳು ಅವಳೇ. ಬೆರಳಾಡಿದ ಜಾಗದಲ್ಲಿ ಅವಳ ಬುಡಗೂದಲು ಅಂಗಡಿಯವರೆಲ್ಲ ನೋಡುವಂತೆ ಬೆಳ್ಳಗೆ ನಿಂತಿತ್ತು.

ಅವಳು ನನ್ನನ್ನೇ ನೋಡಿ, "ಚೆನ್ನಾಗೇ ಕಲ್ತವ್ಳೆ" ಎಂದಳು. ಯಾರೂ ಹೇಳುವ ಮೊದಲೇ ಒಳಗಿನ ಕೋಣೆಗೆ ನಡೆದಳು. ಮದುವೆ ಕಾಲದಲ್ಲಿ ಇಬ್ಬರನ್ನೂ ಒಳಗೆ ಹಾಕಿದರೆ ಕೌಂಟರ್ ಖಾಲಿಯಾಗುತ್ತದೆಂದು ಯಜಮಾನರು ನನ್ನ ಕಂದನ್ನು ಕಾಣದವರಂತೆ ಇದ್ದುಬಿಟ್ಟರು. ಅವಳ ಜಾಗ ನನ್ನದಾಯಿತು. ಮುಚ್ಚಿಡುವುದೇನು, ನನಗೆ ತುಂಬ ಖುಷಿಯಾಯಿತು.

ಆಮೇಲೆ ಅವಳು ಡೈ ಮುಟ್ಟಲಿಲ್ಲ. ಕುಚ್ಚು ಕಟ್ಟುತ್ತ ಕಟ್ಟುತ್ತ ತಲೆ ಪೂರ್ತಿ ಬೆಳ್ಳಗಾಯಿತು. ಮುಚ್ಚುವುದಕ್ಕೆ ಏನೂ ಇಲ್ಲದಿದ್ದರೂ ಬೈತಲೆ ಮಾತ್ರ ಸೊಟ್ಟಗೇ ತೆಗೆಯುತ್ತಿದ್ದಳು. ನಾಲ್ಕು ತಿಂಗಳು ಮಾತಿಲ್ಲ. ಒಂದು ದಿನ ಹೊಲಿದ ಸೀರೆ ತರಲು ಒಳಗೆ ಹೋದಾಗ ಕರೆದಳು.

"ಬಾ ಇಲ್ಲಿ. ನಿನ್ ತಲೆ ಹಿಂದ್ಗಡೆ ಬೆಳ್ಳಗೆ ಬಾಯಿ ಬುಟ್ಕಂಡದ."

"ನಂಗೇನೂ ಬೇಡ ಅಕ್ಕ."

"ನಿಂಗೋಸ್ಕರ ಅಲ್ಲ ಕಣಮ್ಮಿ. ನಾ ಕಲ್ಸಿದ್ದು ಅಂತ ಈಗ ಎಲ್ರುಗೂ ಗೊತ್ತದ. ಮಾನ ಓಯ್ತದ ನಂದು."

ಮತ್ತೆ ಶುರುವಾಯಿತು. ನನ್ನ ತಲೆಗೆ ಬರೀ ಪೆನ್ಸಿಲ್ ಸಾಲದೆಂದು ಕಾಡಿಗೆ ಬೆರೆಸುವುದನ್ನು ಕಲಿಸಿದಳು, ನನ್ನ ಉಗುರೂ ಕಪ್ಪಾಗತೊಡಗಿತು. ಪ್ರತಿ ಸಲ ಕಡೆಯಲ್ಲಿ ಪಂಚೆಯ ತುಂಡನ್ನು ನನ್ನ ಮುಖದೆದುರು ಹಿಡಿದು, ಎರಡೂ ಕಡೆ ತಿರುಗಿಸಿ ತೋರಿಸುತ್ತಿದ್ದಳು. "ಒಳ್ಳೆ ಮಗ್ಗುಲು ನೋಡ್ಕಂಡು ಒತ್ತಬೇಕು ಕಣಮ್ಮಿ." ಅವಳಿಗೆ ಎಲ್ಲ ಗೊತ್ತಿತ್ತು. ಒಂದು ದಿನವೂ ಬಿಡದೆ ಅದೇ ಮಾತು ಹೇಳಿದಳು. ತಪ್ಪಾಯಿತು ಎನ್ನುವ ಮಾತು ನನ್ನ ಗಂಟಲವರೆಗೂ ಬರಲಿಲ್ಲ. ಅವಳನ್ನು ಕಂಡರೆ ಉರಿಯುತ್ತಲೇ ಇತ್ತು.

ಹೋದ ವರ್ಷ ಸಕ್ಕರೆ ಕಾಯಿಲೆ ಹೆಚ್ಚಾಗಿ ಅಂಗಡಿ ಬಿಟ್ಟಳು. ನಾಲ್ಕಾರು ತಿಂಗಳಲ್ಲಿ ಹೋದಳೆಂದು ಫೋನ್ ಬಂತು. ಯಜಮಾನರು ಕೊಟ್ಟ ಹಾರ ಹಿಡಿದು ನಾನೇ ಯಳಂದೂರಿಗೆ ಹೋದೆ. ಜಗುಲಿಯ ಮೇಲೆ ಮಲಗಿಸಿದ್ದರು. ಯಾರೋ ತಲೆ ಬಾಚಿ ನೆಟ್ಟಗೆ ಬೈತಲೆ ತೆಗೆದಿದ್ದರು. ನನಗೆ ಗುರುತೇ ಹತ್ತಲಿಲ್ಲ. ಬಾಚಣಿಗೆ ಕೇಳಿ ಇಸಿದುಕೊಂಡು, ಅತ್ತ ಒಂದು ಬೆರಳು, ಇತ್ತ ಒಂದು ಬೆರಳು ಸೊಟ್ಟಗೆ ತೆಗೆದೆ. ಪ್ರೀತಿ ಉಕ್ಕಿ ಬಂತೆಂದು ಯಾರೂ ತಿಳಿಯಬೇಡಿ. ಕೆಟ್ಟ ಕೆಲಸ ಕಂಡರೆ ಕೈ ಸುಮ್ಮನಿರುವುದಿಲ್ಲ, ಆ ರೋಗ ಅಂಟಿಸಿದವಳು ಅವಳೇ.

ಪಕ್ಕದಲ್ಲಿ ಕೂತಿದ್ದ ತಂಗಿ ಮೂಗು ಒರೆಸಿಕೊಂಡರು. "ಎಲ್ಡು ವರ್ಸದ ಕೆಳಗೆ ನಮ್ಮಕ್ಕನ ತಲೇಲಿ ಎಲ್ಡೇ ಬಿಳಿ ಕೂದ್ಲು ಇದ್ದದ್ದು ಕಣವ್ವ. ಇದ್ದಕ್ಕಿದ್ದಂಗೆ ಪೂರಾ ಬೆಳ್ಳಗಾಗೋಯ್ತು. ಅದೇನ್ ಯೋಚ್ನೆ ಅಚ್ಕಂಡಿದ್ಲೋ. ಅಂಗಡೀಲಿ ಏನಾರ ಆಗಿತ್ತಾ?"

"ಏನೂ ಇಲ್ಲ ಕಣಕ್ಕ" ಎಂದೆ.

ಆಕೆಯ ಕಣ್ಣು ಕೂದಲು ಹಿಡಿದಿದ್ದ ನನ್ನ ಎಡಗೈಯ ಮೇಲೆ ಬಿತ್ತು. "ಅಕ್ಕನ ಉಗುರೂ ಇಂಗೇ ಕರ್ರಗಿರ್ತಿತ್ತು. ಬಾಳೆಕಾಯಿ ಎಚ್ಚಿದ್ದು ಅಂತಿದ್ಲು. ನಮ್ಮನೇಲಿ ಬಾಳೆಕಾಯಿ ಯಾರೂ ತಿನ್ನದೇ ಇಲ್ಲ. ಏನ್ ಕೆಲ್ಸ ಮಾಡ್ತಿದ್ರವ್ವ ಅಲ್ಲಿ?"

ಹಿಂದೊಮ್ಮೆ ಇಂಥದೇ ಪ್ರಶ್ನೆಗೆ ನಾನು ಹೆಬ್ಬೆರಳು ಚಾಚಿ ಉತ್ತರ ಕೊಟ್ಟಿದ್ದೆ. ಈಗ ಅದನ್ನು ಅಂಗೈಯೊಳಗೆ ಮಡಚಿಕೊಂಡೆ.

"ಅಂಗಡಿಯವ್ರಿಗೆಲ್ಲ ಅಲ್ಲೇ ಅಡಿಗೆ ಕಣಕ್ಕ" ಎಂದೆ. "ದಿನಾ ಬಾಳೆಕಾಯಿ. ನಾವಿಬ್ರೇ ಎಚ್ಚೋದು."