ಇಬ್ಬರೂ ದೇಶನೂರು ಗೌಡ್ರೇ

ಮೊಮ್ಮಗಳ ನಿಶ್ಚಯ ಆಗಿ ಇವತ್ತಿಗೆ ಮೂರು ದಿನ. ಕುಂತಲ್ಲಿ ಕುಂದ್ರಲಿಕ್ಕೆ ಆಗವಲ್ದು, ಹೊಟ್ಟೆ ತುಂಬಿದಂಗ ಇರ್ತದೆ, ಉಣ್ಣೋದೂ ನೆನಪಾಗೋದಿಲ್ಲ. ಎರಡನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ ನಾನು. ಸಾಲು ಸೊಟ್ಟ ಹೋದರೆ ಹೋಗಲಿ, ಇದನ್ನು ಬರೆದಿಡಲೇಬೇಕು. ಯಾಕಂದರೆ ಈ ಮದುವೆ ಒಂದು ಅಡ್ಡಹೆಸರಿಗೆ ಸಿಕ್ಕಿ ನಿಂತೇಹೋಗೋದಿತ್ತು.

ನಮ್ಮ ಅಡ್ಡಹೆಸರು ಗೌಡ್ರ. ಈಗ ಇರೋದು ಬಾದನಹಟ್ಟಿಯಲ್ಲಿ, ಯಜಮಾನರ ಮೂಲ ದೇಶನೂರು. ಮೊಮ್ಮಗಳು ಅಂದರೆ ನನ್ನ ಮಗನ ಮಗಳು, ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿರೋ ಹುಡುಗ ಒಬ್ಬ ತನ್ನ ಅಜ್ಜಿಯ ಮೊಣಕಾಲು ತೋರಿಸಲು ಅಲ್ಲಿಗೆ ಬರುತ್ತಿದ್ದ. ಅಜ್ಜಿಯ ಕಾಲು ನೆಟ್ಟಗಾಯಿತು, ಅವನು ಬರೋದು ಮಾತ್ರ ನಿಲ್ಲಲಿಲ್ಲ. ಒಂದು ಭಾನುವಾರ ಇವಳು ಮನೆಗೆ ಬಂದು ವಿಷಯ ತೆಗೆದಳು. ಮಗ ಉಣ್ಣಲು ಕುಂತಿದ್ದ.

"ಯಾರ ಪೈಕಿ?" ಅಂದ.

"ನಮ್ಮ ಮಂದೀನ ಅಪ್ಪಾ. ಅವರೂ ಗೌಡ್ರ."

"ಮೂಲ ಎಲ್ಲೀದು?"

"ದೇಶನೂರಂತ."

ಮಗ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಇಟ್ಟ. "ಒಂದೂರಾಗ ಎಷ್ಟು ಗೌಡ್ರ ಮನಿ ಇರ್ತಾವ? ಒಂದ. ಅವ ನಿನಗ ಅಣ್ಣ ಆಗ್ತಾನ. ಇಲ್ಲಿಗೆ ಬಿಟ್ಟುಬಿಡು."

ಹುಡುಗಿ ಅಳಲಿಲ್ಲ. "ಹಂಗಾದ್ರ ನನಗ ಬ್ಯಾರೆ ವರಾನೂ ನೋಡಬ್ಯಾಡ್ರಿ," ಅಂದು ಬಟ್ಟೆ ಚೀಲ ಹಿಡಿದು ಬಳ್ಳಾರಿ ಬಸ್ಸಿಗೆ ಹೋದಳು. ಮಗನದೂ ತಪ್ಪಲ್ಲ. ಅಣ್ಣತಮ್ಮರ ಮನೆಗಳಲ್ಲಿ ಹೆಣ್ಣು ಕೊಡೋದು ತರೋದು ನಮ್ಮಲ್ಲಿಲ್ಲ. ಕುಲದ ಬಳ್ಳಿಯ ಹೆಸರಾದ ಬೆಡಗು ಕೇಳಿದರೆ ತಿಳಿದೀತು ಅಂದರೆ ಎರಡೂ ಮನೆಯಲ್ಲಿ ಬೆಡಗು ಬಲ್ಲ ಹಿರಿಯರು ಕಣ್ಣು ಮುಚ್ಚಿದ್ದರು. ಮಗ ದೇಶನೂರಿಗೇ ಹೋಗಿ ವಿಚಾರಿಸಿ ಬಂದ. ಅಲ್ಲಿ ಈಗಿರುವವರು, "ಇಬ್ಬರೂ ನಮ್ಮೂರ ಗೌಡ್ರೇ, ಅದರಾಗ ಕೇಳೋದೇನೈತಿ?" ಅಂದರಂತೆ.

"ನಾನೂ ಒಂದು ಸಲ ಕೇಳಿ ನೋಡ್ತೀನಪ್ಪಾ," ಅಂದೆ.

"ಕೇಳವ್ವಾ. ಬ್ಯಾರೆ ಅಂತ ಗೊತ್ತಾದ್ರ ನಾನ ಹೋಗಿ ವೀಳ್ಯಾ ಕೊಟ್ಟು ಬರ್ತೀನಿ."

ಆಗಿನಿಂದ ನನ್ನ ಕಣ್ಣಿಗೆ ಬರೀ ಗೌಡ್ರೇ ಬೀಳತೊಡಗಿದರು. ಐವತ್ತು ವರ್ಷ ಈ ಹೆಸರು ಹೊತ್ತರೂ ಅದನ್ನು ತಿರುಗಿ ನೋಡಿದ್ದಿಲ್ಲ. ಬಳ್ಳಾರಿ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಟ್ರ್ಯಾಕ್ಟರಿನ ಹಿಂದೆ ಗೌಡ್ರು, ಖಾನಾವಳಿ ಬೋರ್ಡಿನ ಮೇಲೆ ಗೌಡ್ರು, ಬೀಜ ಗೊಬ್ಬರದ ಅಂಗಡಿಯಲ್ಲಿ ಗೌಡ್ರು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದ ಗೌಡ್ರು. ಇವರೆಲ್ಲ ನಮಗೆ ಏನಾಗಬೇಕು? ನಾನು ಬೀಸುವಾಗ ಹಾಡುತ್ತಿದ್ದ ಹಾಡಿನಲ್ಲೂ ಒಬ್ಬ ಗೌಡ ಇರುತ್ತಿದ್ದ. ಒಂದರಲ್ಲಿ ಕೆರೆ ಕಟ್ಟಿಸುತ್ತಿದ್ದ, ಇನ್ನೊಂದರಲ್ಲಿ ಸೊಸೆಗೆ ಕಾಟ ಕೊಡುತ್ತಿದ್ದ. ಹಾಡಿನ ಗೌಡನಿಗೆ ಬೆಡಗು ಕೇಳೋರು ಯಾರು?

ಕುರುಗೋಡಿನಲ್ಲಿ ಹಳೇ ಗುಡಿಯ ಹತ್ತಿರ ಒಂದು ಬರಹದ ಕಲ್ಲಿದೆ. ನಿವೃತ್ತರಾದ ಒಬ್ಬ ಕನ್ನಡ ಮಾಸ್ತರರು ಅದನ್ನು ಓದುತ್ತಾರೆ ಅಂತ ಕೇಳಿ, ಅವರನ್ನು ಕಾಡಿ ಬೇಡಿ ಕರಕೊಂಡು ಹೋದೆ. ಅವರು ಕಲ್ಲಿಗೆ ನೀರು ಚಿಮುಕಿಸಿ, ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದರು. "ಇದು ನೋಡಮ್ಮಾ, ಗಾವುಂಡ ಅಂತ ಐತಿ. ಅಂದ್ರ ಗೌಡ. ಹೊಲ ದಾನ ಕೊಡುವಾಗ ಸಾಕ್ಷಿ ನಿಂತಾನ."

ನಾನೂ ಬೆರಳಿಟ್ಟು ನೋಡಿದೆ. ತಣ್ಣಗಿತ್ತು. "ಇವ ದೇಶನೂರಾವ ಏನ್ರಿ?" ಅಂದೆ.

ಮಾಸ್ತರರು ನಕ್ಕರು. "ಆಗ ಊರಿಗೊಬ್ಬ ಗೌಡ ಇದ್ದನಮ್ಮಾ. ಅದು ಕೆಲಸದ ಹೆಸರು. ಯಾರು ಆ ಕೆಲಸ ಮಾಡಿದ್ರೋ ಅವರಿಗೆಲ್ಲ ಅಂಟಿಕೊಂತು."

ಊರಿಗೊಬ್ಬ ಅಂದದ್ದು ಮಗನ ಮಾತಿಗೇ ಬಲ ಕೊಟ್ಟಂಗಾಯಿತು. ಆದರೂ ಅಷ್ಟು ಹಳೇ ಕಲ್ಲಿನ ಮೇಲೆ ನಮ್ಮ ಹೆಸರು ಕಂಡ ಖುಷಿಗೆ ಮಾಸ್ತರರಿಗೆ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಿಸಿಯೇ ಕಳಿಸಿದೆ.

ಆಮೇಲೆ ಮೊಮ್ಮಗಳು ಬಳ್ಳಾರಿಯ ಗಾಂಧಿನಗರದ ಒಬ್ಬ ವಕೀಲಮ್ಮನ ಹತ್ತಿರ ಕರಕೊಂಡು ಹೋದಳು. ಗೋಡೆ ತುಂಬ ದಪ್ಪ ದಪ್ಪ ಪುಸ್ತಕ. ಆಕೆ ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, "ಅಜ್ಜೀ, ಕಾಯ್ದೆಕ ಅಡ್ಡಹೆಸರು ಬ್ಯಾಡ. ರಕ್ತಸಂಬಂಧ ಎಷ್ಟು ಹತ್ತಿರ ಅನ್ನೋದಷ್ಟ ಬೇಕು. ಇವರಿಬ್ಬರ ಮದುವಿಗೆ ಅಡ್ಡಿ ಇಲ್ಲ," ಅಂದಳು. ಆಮೇಲೆ ಆ ಪುಸ್ತಕಗಳ ಕಡೆ ಕೈ ಮಾಡಿ, "ಇದರಾಗ ಗೌಡ್ರ ಮ್ಯಾಲೆ ಗೌಡ್ರ ಹಾಕಿದ ದಾವಾ ರಗಡ ಅದಾವ. ನಮ್ಮ ಸೀಮ್ಯಾಗ ಮನಿಅಳ್ಯ ಆಗಿ ಬಂದವರು ಮಾವನ ಹೊಲಾನೂ ತಗೊಂಡಾರ, ಹೆಸರೂ ತಗೊಂಡಾರ," ಅಂದಳು.

ಮೊಮ್ಮಗಳ ಮುಖ ಅರಳಿತು. ನನಗೆ ಸಮಾಧಾನ ಆಗಲಿಲ್ಲ. ಕಾಯ್ದೆ ಒಪ್ಪಿದರೂ ನನ್ನ ಮಗನ ಮನಸ್ಸು ಒಪ್ಪಬೇಕಲ್ಲ, ಅಕ್ಷತೆಗೆ ಕೈ ಎತ್ತೋನು ಅವನು.

ಕಡೆಗೆ ಮೊಮ್ಮಗಳ ಕೈಲಿ ಮೊದಲೇ ಫೋನು ಮಾಡಿಸಿ ಸಿರುಗುಪ್ಪಕ್ಕೆ ಹೋದೆ, ಹುಡುಗನ ಅಜ್ಜಿಯನ್ನೇ ಕಾಣಲು. ನಾನು ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದಂತೆ ಆಕೆ ಒಳಗಿನಿಂದ ಕೂಗಿದಳು: "ಲೇ, ಮೂಲ್ಯಾಗಿನ ಚಪ್ಲಿ ಎಲ್ಲಾ ಒಳಗ ಇಡ್ರಲೇ! ದೇಶನೂರು ಗೌಡ್ರ ಮಂದಿ ಬಂದಾರ!"

ನಾನು ಅಲ್ಲೇ ನಿಂತೆ. "ಯಾಕವ್ವಾ, ನಾವೇನು ಚಪ್ಲಿ ಕಳ್ಳರೇನು?"

"ಮತ್ತ? ನಮ್ಮ ಮಾವ ಒಮ್ಮೆ ನಿಮ್ಮೂರಿಗೆ ಹೋದಾವ ಬರಿಗಾಲಾಗ ಬಂದಿದ್ದ. ಕೆಂಪು ಗೊಂಡೇದ ಹೊಸಾ ಕೆರ. ಸಾಯೋತನಕ ಬೈದ."

ಕೆಂಪು ಗೊಂಡೆ! ನಾನು ದೇಶನೂರಿಗೆ ಸೊಸೆಯಾಗಿ ಬಂದ ವರ್ಷ, ಒಬ್ಬ ಮುದುಕ ಬಂದಿದ್ದ. ಯಾವ ಊರಿನವನು, ಏನು ಅಡ್ಡಹೆಸರು, ಹೊಸ ಸೊಸೆ ನನಗೆ ಯಾರು ಹೇಳುತ್ತಾರೆ? ನನ್ನ ನಾದಿನಿ ಬಂದು, "ಅತ್ತಿಗೀ, ಮಾವ ಬಂದಾನ, ಕೆರ ಬಚ್ಚಿಡೋಣು ಬಾ," ಅಂತ ಎಳೆದಳು. ಇಬ್ಬರೂ ಹುಲ್ಲಿನ ಬಣವೆಯೊಳಗೆ ಕೈ ತೂರಿಸಿ ಇಟ್ಟೆವು. ಆಮೇಲೆ ತೆಗೆಯಲು ಹೋದರೆ ಎಲ್ಲಿಟ್ಟೆವೋ ನಮಗೇ ಸಿಗಲಿಲ್ಲ. ಬೇಸಿಗೆಯಲ್ಲಿ ಹುಲ್ಲು ಹಿರಿಯುವಾಗ ಒಂದೇ ಒಂದು ಸಿಕ್ಕಿತು.

"ಅವ್ವಾ," ಅಂದೆ, "ಆ ಕೆರ ಬಚ್ಚಿಟ್ಟಾಕಿ ನಾನ."

ಆಕೆ ಮೊಣಕಾಲು ಹಿಡಿದುಕೊಂಡೇ ಎದ್ದು ನಿಂತಳು. "ನೀನಾ? ಐವತ್ತು ವರ್ಷದಿಂದ ಹುಡುಕಾಕತ್ತೀನಿ ನಿನ್ನ!"

"ಅದಿರಲಿ. ನಿಮ್ಮ ಮಾವ ಆ ಮನಿಗೆ ಏನಾಗಬೇಕು?"

"ಅಳ್ಯ. ಗೌಡ್ರಿಗೆ ಬಹಳ ವರ್ಷ ಗಂಡುಮಗ ಇರಲಿಲ್ಲಂತ. ಮಗಳಿಗೆ ಹೊಳಿ ಆಚಿಂದ ಇವರನ್ನ ಮನಿಅಳ್ಯ ತಂದ್ರು. ಆಮ್ಯಾಲೆ ಗೌಡ್ರಿಗೆ ಒಬ್ಬ ಮಗ ಹುಟ್ಟಿದ. ಅವ ಕೈಗೆ ಬಂದಮ್ಯಾಲೆ ಇವರು ಇಲ್ಲಿಗೆ ಬಂದ್ರು. ನಮ್ಮ ಯಜಮಾನರನ್ನ ಸಾಲಿಗೆ ಹಾಕುವಾಗ ಮಾಸ್ತರು ಯಾರ ಮನಿ ಹುಡುಗ ಅಂದ್ರಂತ. ಗೌಡ್ರ ಮನ್ಯಾವ ಅಂದ್ರಂತ. ಅದನ್ನ ಬರಕೊಂಡ್ರು."

"ಆ ಹಿಂದ ಹುಟ್ಟಿದ ಮಗ ನಮ್ಮ ಮಾವ!" ನಾನು ಕೂಗಿಯೇಬಿಟ್ಟೆ. "ಇಷ್ಟು ದಿನ ಯಾಕ ಹೇಳಲಿಲ್ಲವ್ವಾ ನೀನು?"

"ಯಾರು ಕೇಳಿದ್ರು? ಎಲ್ಲಾರೂ ಗೌಡ್ರೇನು, ದೇಶನೂರೇನು ಅಂತ ಕೇಳಿದ್ರು. ಹೌದಂದೆ."

ಊರಿಗೆ ಬಂದು ಮಗನಿಗೆ ಒಂದೂ ಬಿಡದೆ ಹೇಳಿದೆ. ಅವನು ಬಹಳ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿದ. "ಅಣ್ಣತಮ್ಮರ ಮನ್ಯಾಗ ಯಾರೂ ಕೆರ ಬಚ್ಚಿಡೂದಿಲ್ಲ ಬಿಡವ್ವಾ," ಅಂದ. "ಅಳ್ಯಂದಿರದ ಬಚ್ಚಿಡೂದು. ಹಂಗಾದ್ರ ವರಸಿ ಕೂಡತೈತಿ. ಇವರು ಬೀಗರು." ಮರುದಿನವೇ ವೀಳ್ಯದೆಲೆ ಅಡಿಕೆ ಕಟ್ಟಿಕೊಂಡು ತಾನೇ ಸಿರುಗುಪ್ಪಕ್ಕೆ ಹೋದ.

ನಿಶ್ಚಯದ ದಿನ ನಮ್ಮ ಮನೆ ತುಂಬ ಜನ. ಊಟ ಮುಗಿಸಿ ಹೊರಡುವ ಹೊತ್ತಿಗೆ ಹುಡುಗನ ಹೊಸ ಬೂಟು ಕಾಣೆ. ಹುಡುಗರು ಮಂಚದ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ ಎಲ್ಲಾ ಹುಡುಕಿದರು. ಪಾಪ, ಅವನು ಬಚ್ಚಲಿಗೆ ಹಾಕಿಕೊಳ್ಳುವ ರಬ್ಬರ್ ಚಪ್ಪಲಿಯಲ್ಲಿ ಕಾರು ಹತ್ತಿದ. ಅವನ ಅಜ್ಜಿ ಕಾರಿನ ಕಿಟಕಿಯಿಂದ ನನ್ನ ಕಡೆಗೇ ಬೊಟ್ಟು ಮಾಡಿ, "ಬೀಗತೀ, ಇದಾದ್ರೂ ಎರಡೂ ವಾಪಸ್ ಬರಬೇಕು!" ಅಂತ ಕೂಗಿದಳು.

ಬರುತ್ತಾವೆ. ಈ ಸಲ ಮರೆಯೋದು ಬೇಡ ಅಂತಲೇ ಇಲ್ಲಿ ಬರೆದಿಡುತ್ತಿದ್ದೇನೆ: ಅಡುಗೆಮನೆ, ಸೋನಾಮಸೂರಿ ಚೀಲದ ಹಿಂದೆ, ಎಡಗಡೆ.